ಕಾಲು ಸೆಕೆಂಡಿನ ತಕರಾರು

ಬಹಳ ದಿನ ಆಯ್ತು ಇಲ್ಲಿ ಬರೆದು. ಆಫೀಸು, ಊರು, ಆಸ್ಪತ್ರೆ, ಮತ್ತೆ ಆಫೀಸು ಅಂತ ಓಡಾಡೋದರಲ್ಲೇ ದಿನ ಕಳೆದುಹೋದವು. ಬರೆಯೋದಕ್ಕೆ ಏನೂ ಇರಲಿಲ್ಲ ಅಂತಲ್ಲ, ಕೂತು ಬರೆಯೋ ಮನಸ್ಸಿರಲಿಲ್ಲ. ಮೊನ್ನೆ ಊರಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಬರದೆ ಇದನ್ನ ಮೊಬೈಲಿನಲ್ಲೇ ಅರ್ಧ ಬರೆದಿಟ್ಟಿದ್ದೆ. ಉಳಿದರ್ಧ ಇವತ್ತು. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಕೂತ್ಕೊಳ್ಳಿ :)

ನಮ್ಮೂರು ಹುಕ್ಕೇರಿ. ಸಂಕೇಶ್ವರದಿಂದ ಗೋಕಾಕದ ಕಡೆ ಹೋಗೋ ದಾರಿಯಲ್ಲಿ, ಆದಿಲ್‌ಶಾಹಿ ಕಾಲದ ಗುಮ್ಮಟಗಳಿರೋ ಊರು. ನಮ್ಮಪ್ಪ ಸುತ್ತಮುತ್ತಲ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಮಾಸ್ತರಾಗಿ ನಿವೃತ್ತರಾದವರು. ಆದರೆ ಓಣಿಯಲ್ಲಿ ಅವರನ್ನ ಮಾಸ್ತರ ಅಂತ ಗುರುತು ಹಿಡಿಯೋರಿಗಿಂತ ತಬಲಾದವರು ಅಂತ ಗುರುತು ಹಿಡಿಯೋರೇ ಹೆಚ್ಚು. ಸೋಮವಾರ ರಾತ್ರಿ ಭಜನೆ, ಶ್ರಾವಣ ಬಂತೆಂದರೆ ದಿನಾ ಭಜನೆ. ನಾನು ಚಿಕ್ಕವನಿದ್ದಾಗ ಅವರ ತೊಡೆ ಪಕ್ಕದಲ್ಲೇ, ಡಗ್ಗಾದ ಗುಂ ಗುಂ ಕೇಳ್ತಾ ಮಲಗಿಬಿಡ್ತಿದ್ದೆ ಅಂತ ಅವ್ವ ಈಗಲೂ ಹೇಳ್ತಾಳೆ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ದಿನ ಅಪ್ಪನಿಗೆ ಲಕ್ವಾ ಹೊಡೀತು. ಬೆಳಿಗ್ಗೆ ಚಹಾ ಕುಡಿಯುವಾಗ ಎಡಗೈ ಜೋಮು ಹಿಡಿದಂಗೆ ಆಯ್ತಂತೆ. "ಕೈ ಮ್ಯಾಲ ಮಲಗಿದ್ನೋ ಏನೋ" ಅಂತ ಸುಮ್ಮನಿದ್ದರು. ಅವ್ವ ಎಣ್ಣೆ ಹಚ್ಚಿ ತಿಕ್ಕಿದಳು. ಮಧ್ಯಾಹ್ನದ ಹೊತ್ತಿಗೆ ಬಾಯಿ ಒಂದು ಕಡೆ ವಾಲಿತ್ತು. ಬೆಳಗಾವಿಯ ಆಸ್ಪತ್ರೆ ಮುಟ್ಟಿದಾಗ ಸಂಜೆ. ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪು ಕರಗಿಸೋ ಇಂಜೆಕ್ಷನ್ನನ್ನ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಆ ಹೊತ್ತು ದಾಟಿಹೋಗಿತ್ತು. ಅವತ್ತು ಅವ್ವ ಬೆಳಿಗ್ಗೆ ಹತ್ತಕ್ಕೇ ನನಗೊಂದು ಫೋನ್ ಮಾಡಿದ್ದಳು. ನಾನು ಬೆಂಗಳೂರಲ್ಲಿ, ಮೀಟಿಂಗಿನಲ್ಲಿ. ಎತ್ತಲಿಲ್ಲ. ಊಟಕ್ಕೆ ಕೂತಾಗ ವಾಪಸ್ ಮಾಡಿದೆ. ಈ ವಿಷಯ ಇಷ್ಟೇ ಸಾಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಮುಖ ವಾಲಿದರೆ, ಒಂದು ಕೈಯಲ್ಲಿ ಬಲ ಹೋದರೆ, ಮಾತು ತೊದಲಿದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ. ಗಾಡಿ ಹತ್ತಿಸಿ.

ಅಪ್ಪ ಉಳಿದರು. ಮಾತು ಮೊದಲಿನಂತಾಯ್ತು, ಕಾಲು ಬೇಗ ಸುಧಾರಿಸಿತು. ಎಡಗೈ ಮಾತ್ರ ಹಿಂದೆ ಬಿತ್ತು. ತಬಲಾ ಬಾರಿಸೋರಿಗೆ ಗೊತ್ತು, ಬಲಗೈಗೆ ತಬಲಾ, ಎಡಗೈಗೆ ಡಗ್ಗಾ. ಅಪ್ಪನ ಡಗ್ಗಾ ಹೋಯ್ತು.

ಫಿಜಿಯೋಥೆರಪಿಯವರು ಹೇಳಿದ್ದು ಒಂದೇ ಮಾತು: ಕೈಯನ್ನ ಸುಮ್ಮನೆ ಬಿಡಬೇಡಿ, ದಿನಾ ಎಷ್ಟು ಆಗುತ್ತೋ ಅಷ್ಟು ಸಲ ಎತ್ತಿ, ಇಳಿಸಿ, ಚಾಚಿ. ಅಪ್ಪ ನಾಲ್ಕು ದಿನ ಮಾಡಿ ಬೇಜಾರಾದರು. "ಶಾಲಿ ಹುಡುಗ್ರಿಗೆ ಕೈ ಮ್ಯಾಲ ಮಾಡಿ ನಿಲ್ಲಿಸತಿದ್ನ್ಯಲ್ಲೋ, ಆ ಶಿಕ್ಷಾ ಈಗ ನನಗ ಬಂತು" ಅಂದರು. ಮಾಸ್ತರು ಮಾಸ್ತರೇ :)

ಆಗ ನನ್ನ ಇಂಜಿನಿಯರ್ ತಲೆಗೆ ಒಂದು ಯೋಚನೆ ಹೊಳೀತು. ಕೈನೆಕ್ಟ್!

ಕೈನೆಕ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಮೈಕ್ರೋಸಾಫ್ಟ್‌ನವರು 2010ರ ನವೆಂಬರಿನಲ್ಲಿ ತಮ್ಮ ಎಕ್ಸ್‌ಬಾಕ್ಸ್ 360ಕ್ಕೆ ಅಂತ ಮಾಡಿದ್ದ ಕ್ಯಾಮೆರಾ ಪಟ್ಟಿ ಅದು. ಕೈಯಲ್ಲಿ ರಿಮೋಟು ಏನೂ ಇಲ್ಲ, ಟಿವಿ ಮುಂದೆ ನಿಂತು ಮೈ ಅಲ್ಲಾಡಿಸಿದರೆ ಪರದೆಯ ಮೇಲಿನ ಬೊಂಬೆಯೂ ಅಲ್ಲಾಡುತ್ತೆ. ಮೊದಲ 60 ದಿನದಲ್ಲೇ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತ್ತು. 2017ರಲ್ಲಿ ತಯಾರಿಕೆ ನಿಂತಿತು. ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ. ನಾನು ಎಕ್ಸ್‌ಬಾಕ್ಸು, ಕೈನೆಕ್ಟು, ಕೈನೆಕ್ಟ್ ಸ್ಪೋರ್ಟ್ಸ್ ಅನ್ನೋ ಆಟದ ಡಿಸ್ಕು ಮೂರನ್ನೂ ಹಿಡ್ಕೊಂಡು ಊರಿಗೆ ಹೋದೆ. ಆ ಡಿಸ್ಕಿನಲ್ಲಿ ಬೌಲಿಂಗ್ ಆಟ ಇದೆ. ಎಡಗಡೆಗೆ ಕೈ ಚಾಚಿದರೆ ಎಡಗೈಗೇ ಚೆಂಡು ಸಿಗುತ್ತೆ. ನನಗೆ ಬೇಕಾಗಿದ್ದೂ ಅದೇ.

ಪಡಸಾಲೆಯಲ್ಲಿ ಟಿವಿ ಎದುರು ಜಾಗ ಮಾಡಿದ್ವಿ. ಆರೇಳು ಅಡಿ ದೂರ ನಿಲ್ಲಬೇಕು, ಬಿಸಿಲು ಬಿದ್ದರೆ ಆ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು ಮಂಕಾಗುತ್ತೆ ಅಂತ ಹೊರಬಾಗಿಲು ಹಾಕಿದ್ವಿ. ಅಪ್ಪನ ಪಕ್ಕದಲ್ಲಿ ಹಿಡ್ಕೊಳ್ಳೋದಕ್ಕೆ ಒಂದು ಕುರ್ಚಿ. ಬಾಗಿಲು ಹಾಕಿದ್ದು ನೋಡಿ ಪಕ್ಕದ ಮನೆಯವರು ಗಾಬರಿಯಾಗಿ ಬಂದು ವಿಚಾರಿಸಿಕೊಂಡು ಹೋದರು. ಐದನೇ ಕ್ಲಾಸಿನಲ್ಲಿರೋ ಅಕ್ಕನ ಮಗಳು ಮೊದಲು ಆಡಿ ತೋರಿಸಿದಳು. ಆಮೇಲೆ ಅಪ್ಪ ಎಡಗೈ ಎತ್ತಿದರು. ನಿಧಾನವಾಗಿ, ಅರ್ಧಕ್ಕೆ. ಬೊಂಬೆಯೂ ಎತ್ತಿತು. ಅಪ್ಪನ ಮುಖದಲ್ಲಿ ನಗು. ಅವತ್ತು ನಲವತ್ತು ಸಲವಾದರೂ ಎಡಗೈ ಬೀಸಿರಬೇಕು. ಅವ್ವ ಒಳಗಿಂದ ಬಂದು ನೋಡಿ ಕಣ್ಣೊರೆಸಿಕೊಂಡಳು. ನಾನು ಬಹಳ ದೊಡ್ಡ ಕೆಲಸ ಮಾಡಿದೆ ಅಂತ ಬೀಗ್ತಾ ಬೆಂಗಳೂರಿಗೆ ಬಂದೆ.

ಮೂರು ವಾರದ ಮೇಲೆ ಅವ್ವನಿಗೆ ಫೋನ್ ಮಾಡಿದಾಗ ಕೇಳಿದೆ, "ಅಪ್ಪ ಆಡ್ತಾರೇನ?"

"ಎಲ್ಲೀದ ಬಿಡೋ. ನಿನ್ನ ಪೆಟಗಿ ಮ್ಯಾಲ ಟಾವೆಲ್ ಹೊಚ್ಚಿಟ್ಟಾರ."

"ಯಾಕ?"

"ನಾ ಕೈ ಎತ್ತಿದ ಮ್ಯಾಲ ಎಷ್ಟೋ ಹೊತ್ತಿಗೆ ಅಂವಾ ಎತ್ತತಾನ, ನನ್ನ ಕೈ ದಿನಾ ತಡಾ ಆಗಾಕತ್ತೈತಿ ಅಂತಾರ. ಲಕ್ವಾ ಮತ್ತ ಬರತೈತೇನೋ ಅಂತ ಅಂಜ್ಯಾರ. ನಿನಗ ಹೇಳಬ್ಯಾಡ ಅಂದಿದ್ರು."

ಫೋನ್ ಇಟ್ಟ ಮೇಲೆ ನಾನು ಸುಮಾರು ಹೊತ್ತು ಹಾಗೇ ಕೂತಿದ್ದೆ. ನನ್ನ ಕೆಲಸ ಏನು ಗೊತ್ತಾ? ಸರ್ವರ್ ಎಷ್ಟು ಮಿಲಿಸೆಕೆಂಡಿನಲ್ಲಿ ಉತ್ತರ ಕೊಡ್ತು ಅಂತ ನೋಡೋದು, ಅದನ್ನ ಕಡಿಮೆ ಮಾಡೋದು. ಲೇಟೆನ್ಸಿ ಅನ್ನೋ ಪದ ದಿನಕ್ಕೆ ಐವತ್ತು ಸಲ ಬಾಯಲ್ಲಿ ಬರುತ್ತೆ. ಅಂಥವನು ಅಪ್ಪನ ಮುಂದೆ ಒಂದು ತಡ ಮಾಡೋ ಯಂತ್ರ ಇಟ್ಟು, ಅದು ತಡ ಮಾಡುತ್ತೆ ಅಂತ ಒಂದು ಮಾತು ಹೇಳದೆ ಬಂದಿದ್ದೆ. ನಾವೆಲ್ಲ ಗೇಮ್ ಆಡಿ ಬೆಳೆದವರು. ತಡವಾದರೆ "ಲ್ಯಾಗ್ ಆಗ್ತಿದೆ" ಅಂತ ಯಂತ್ರಕ್ಕೇ ಬೈತೀವಿ. ಅಪ್ಪನಿಗೆ ಆ ಪದವೇ ಗೊತ್ತಿಲ್ಲ. ಅವರಿಗೆ ಕಂಡಿದ್ದು ಇಷ್ಟೇ: ಕೈ ಎತ್ತಿದೆ, ತಡವಾಯ್ತು. ಕೈ ನನ್ನದು, ರೋಗ ನನ್ನದು, ಹಾಗಾದರೆ ತಡವೂ ನನ್ನದೇ.

ಸರಿ, ಆ ತಡ ಎಲ್ಲಿಂದ ಬರುತ್ತೆ? ಸ್ವಲ್ಪ ತಾಂತ್ರಿಕ ಕೊರೆತ, ಸಹಿಸ್ಕೊಳ್ಳಿ.

ಕೈನೆಕ್ಟ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತೆ. ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 33 ಮಿಲಿಸೆಕೆಂಡ್. ಒಂದು ಚಿತ್ರ ಮುಗಿದ ಮರುಕ್ಷಣ ನೀವು ಕೈ ಎತ್ತಿದರೆ, ಮುಂದಿನ ಚಿತ್ರದವರೆಗೆ ಯಂತ್ರಕ್ಕೆ ಅದರ ಸುದ್ದಿಯೇ ಇಲ್ಲ. ಮೊದಲ ಕೈನೆಕ್ಟು ಕೋಣೆಯ ತುಂಬಾ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಚುಕ್ಕೆಗಳನ್ನ ಚೆಲ್ಲುತ್ತೆ. ಆ ಚುಕ್ಕೆಗಳು ಎಷ್ಟು ಸರಿದಿವೆ ಅಂತ ನೋಡಿ ಯಾವುದು ಹತ್ತಿರ, ಯಾವುದು ದೂರ ಅಂತ ಲೆಕ್ಕ ಹಾಕುತ್ತೆ. ಆಮೇಲೆ ಆ ಚಿತ್ರದ ಒಂದೊಂದು ಚುಕ್ಕೆಯನ್ನೂ ಇದು ಮೊಣಕೈ, ಇದು ಹೆಗಲು, ಇದು ತಲೆ ಅಂತ 31 ಭಾಗಗಳಾಗಿ ವಿಂಗಡಿಸಬೇಕು. ಈ ಕೆಲಸದ ವಿಧಾನವನ್ನ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಜೇಮೀ ಶಾಟನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಅದನ್ನ ಓದಿದರೆ ನಿಜಕ್ಕೂ ಕೈ ಮುಗಿಯಬೇಕು ಅನ್ಸುತ್ತೆ. ಸೆಕೆಂಡಿಗೆ 200 ಚಿತ್ರ ವಿಂಗಡಿಸೋ ವೇಗ, ಅಂದರೆ ಒಂದು ಚಿತ್ರಕ್ಕೆ ಬರೀ 5 ಮಿಲಿಸೆಕೆಂಡ್. ಎಲ್ಲಕ್ಕಿಂತ ಕಷ್ಟ ಅಂತ ನಾನು ತಿಳಿದಿದ್ದ ಕೆಲಸ ಎಲ್ಲಕ್ಕಿಂತ ಬೇಗ ಮುಗಿಯುತ್ತೆ!

ಹಾಗಾದರೆ ಉಳಿದ ತಡ? ಕೀಲುಗಳ ಜಾಗ ಸಿಕ್ಕಿದರೂ ಅದು ನಡುಗ್ತಿರುತ್ತೆ. ನೀವು ಕೈ ಅಲ್ಲಾಡಿಸದೆ ನಿಂತರೂ ಒಂದು ಚಿತ್ರದಲ್ಲಿ ಅಂಗೈ ಇಲ್ಲಿ, ಇನ್ನೊಂದರಲ್ಲಿ ಎರಡು ಬೆರಳು ಆಚೆ. ಹಾಗೇ ತೋರಿಸಿದರೆ ಬೊಂಬೆಗೇ ಲಕ್ವಾ ಹೊಡೆದಂತೆ ಕಾಣುತ್ತೆ. ಅದಕ್ಕೆ ಹಿಂದಿನ ನಾಲ್ಕಾರು ಚಿತ್ರಗಳ ಸರಾಸರಿ ತೆಗೆದು ನಯ ಮಾಡ್ತಾರೆ. ಇದು ನಮ್ಮೂರ ಪಂಚರ ಕಟ್ಟೆ ಇದ್ದಂಗೆ. ಒಬ್ಬನನ್ನ ಕೇಳಿದರೆ ಉತ್ತರ ತಕ್ಷಣ ಸಿಗುತ್ತೆ, ಆದರೆ ನಂಬೋ ಹಾಗಿಲ್ಲ. ಐದು ಮಂದಿಯನ್ನ ಕೇಳಿದರೆ ನಂಬಬಹುದು, ಆದರೆ ಐದನೆಯವನು ಬರೋತನಕ ಕಾಯಬೇಕು. ಎಷ್ಟು ನಯವೋ ಅಷ್ಟು ತಡ. 2011ರಲ್ಲಿ ಮೈಕ್ರೋಸಾಫ್ಟ್ ಪ್ರೋಗ್ರಾಮರ್‌ಗಳಿಗೆ ಕೊಟ್ಟ ಕಿಟ್‌ನಲ್ಲಿ ಇದನ್ನ ತಿರುಗಿಸೋ ತಿರುಪುಗಳೇ ಇದ್ದವು. ಇಷ್ಟು ನಯ, ಇಷ್ಟು ಮುಂದಾಲೋಚನೆ ಅಂತ. ಮುಂದಾಲೋಚನೆ ಅಂದರೆ, ಕೈ ಈ ವೇಗದಲ್ಲಿ ಮೇಲೆ ಹೋಗ್ತಿದೆ, ಹಾಗಾದರೆ ಇಷ್ಟೊತ್ತಿಗೆ ಇಲ್ಲಿರಬೇಕು ಅಂತ ಊಹೆ ಮಾಡಿ ತೋರಿಸೋದು. ಕೈ ಅಲ್ಲೇ ನಿಂತರೆ ಬೊಂಬೆ ಮುಂದೆ ಹೋಗಿ ವಾಪಸ್ ಬರುತ್ತೆ.

ಆಮೇಲೆ ಆಟ ತನ್ನ ಲೆಕ್ಕ ಮಾಡಬೇಕು, ಚಿತ್ರ ಬರೆಯಬೇಕು, ಟಿವಿಗೆ ಕಳಿಸಬೇಕು. ಇದು ಕೈನೆಕ್ಟ್ ಮಾಡಿದವರ ತಪ್ಪೇನಲ್ಲ. ದೂರದಿಂದ ನೋಡಿ ಮೈ ಗುರುತಿಸೋ ಯಾವ ಯಂತ್ರವೂ ತೆರಬೇಕಾದ ಬೆಲೆ ಅದು. 2006ರಲ್ಲಿ ಬಂದ ನಿಂಟೆಂಡೋ ವೀ ಅದನ್ನ ಬೇರೆ ರೀತಿ ತಪ್ಪಿಸಿಕೊಂಡಿತು. ಅದರಲ್ಲಿ ಕೋಲು ಕೈಯಲ್ಲೇ ಇರುತ್ತೆ, ಕೋಲಿನೊಳಗಿನ ಪುಟ್ಟ ಸೆನ್ಸರು ಕೈ ಬೀಸಿದ್ದನ್ನ ಅಲ್ಲೇ ಅರಿತು ಬ್ಲೂಟೂತಿನಲ್ಲಿ ಸೆಕೆಂಡಿಗೆ 100 ಸಲ ಹೇಳಿ ಕಳಿಸುತ್ತೆ. ಬೇಗ ಹೌದು. ಆದರೆ ಬೀಸಿದ್ದು ಗೊತ್ತಾಗುತ್ತೆ, ಹೆಗಲು ಎಷ್ಟು ಎತ್ತಿದೆ ಅನ್ನೋದು ಅದಕ್ಕೆ ಕಾಣಲ್ಲ. ಮಣಿಕಟ್ಟು ಅಲ್ಲಾಡಿಸಿ ಮೋಸ ಮಾಡಬಹುದು. ಅಪ್ಪನಿಗೆ ಬೇಕಿದ್ದದ್ದು ಹೆಗಲು.

ಇನ್ನು ಟಿವಿ. ಇದು ನನಗೆ ಹೊಳೆದಿರಲೇ ಇಲ್ಲ ನೋಡಿ! ಹಳೇ ಡಬ್ಬಾ ಟಿವಿ ಇದ್ದಾಗ ತಂತಿಯಲ್ಲಿ ಬಂದಿದ್ದು ಬಂದಂಗೇ ಗಾಜಿನ ಮೇಲೆ ಬೀಳ್ತಿತ್ತು. ನಾವು ಚಿಕ್ಕವರಿದ್ದಾಗ ಕಾಕಾನ ಮನೆಯಲ್ಲಿ ಕ್ಯಾಸೆಟ್ ಹಾಕೋ ಟಿವಿ ಗೇಮ್ ಇತ್ತು, ಬಾತುಕೋಳಿ ಹೊಡೆಯೋ ಬಂದೂಕಿನ ಸಮೇತ. ನಿಮ್ಮಲ್ಲೂ ಎಷ್ಟೋ ಜನ ಆಡಿರ್ತೀರಿ, ನಿಂಟೆಂಡೋದ ಡಕ್ ಹಂಟ್, 1984ರ ಆಟ. ಬಂದೂಕಿನಿಂದ ಏನೂ ಹಾರಲ್ಲ. ಕುದುರೆ ಎಳೆದ ತಕ್ಷಣ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇರೋ ಜಾಗದಲ್ಲಿ ಬಿಳೀ ಚೌಕ ಮೂಡುತ್ತೆ. ಬಂದೂಕಿನ ತುದಿಯಲ್ಲಿರೋ ಬೆಳಕಿನ ಸೆನ್ಸರಿಗೆ ಆ ಬಿಳುಪು ಆ ಕ್ಷಣದಲ್ಲೇ ಕಂಡರೆ ಗುರಿ ತಾಗಿತು. ಇಡೀ ಆಟ ನಿಂತಿರೋದೇ ಟಿವಿ ತಡ ಮಾಡಲ್ಲ ಅನ್ನೋ ನಂಬಿಕೆ ಮೇಲೆ. ಅದೇ ಬಂದೂಕನ್ನ ಈಗಿನ ಚಪ್ಪಟೆ ಟಿವಿಗೆ ಹಿಡಿದರೆ ಕೆಲಸ ಮಾಡಲ್ಲ. ಬಂದೂಕು ಕೆಟ್ಟಿರಲ್ಲ. ಅದು ನೋಡುವಾಗ ಬಿಳೀ ಚೌಕ ಇನ್ನೂ ಟಿವಿಯ ಹೊಟ್ಟೆಯೊಳಗೇ ಇರುತ್ತೆ.

ಈಗಿನ ಟಿವಿ ಚಿತ್ರ ಬಂದ ಮೇಲೆ ಬಣ್ಣ ತಿದ್ದುತ್ತೆ, ಅಂಚು ಚೂಪು ಮಾಡುತ್ತೆ. ಕೆಲವು ಟಿವಿಗಳು ಎರಡು ಚಿತ್ರಗಳ ನಡುವೆ ತಾವೇ ಒಂದು ಚಿತ್ರ ಹುಟ್ಟಿಸಿ ಸೇರಿಸ್ತವೆ, ಓಡಾಟ ನುಣುಪಾಗಿ ಕಾಣಲಿ ಅಂತ. ನಡುವಿನ ಚಿತ್ರ ಬರೀಬೇಕಂದ್ರೆ ಮುಂದಿನ ಚಿತ್ರ ಬರೋವರೆಗೆ ಕಾಯಲೇಬೇಕಲ್ಲ? ಧಾರಾವಾಹಿ ನೋಡೋರಿಗೆ ಇದರಿಂದ ನಷ್ಟವಿಲ್ಲ, ಧ್ವನಿಯನ್ನೂ ಅಷ್ಟೇ ತಡ ಮಾಡಿ ಸರಿದೂಗಿಸ್ತಾರೆ. ಆಡೋನ ಕೈಯನ್ನ ಮಾತ್ರ ಟಿವಿ ತಡ ಮಾಡಕ್ಕಾಗಲ್ಲ. ಅದಕ್ಕೇ ಟಿವಿಯಲ್ಲಿ ಗೇಮ್ ಮೋಡ್ ಅಂತ ಇರುತ್ತೆ, ಈ ಸಿಂಗಾರವನ್ನೆಲ್ಲ ಬಿಟ್ಟುಬಿಡೋದಕ್ಕೆ. 2017ರ ಎಚ್‌ಡಿಎಂಐ 2.1ರಿಂದೀಚೆಗೆ ಆಟದ ಪೆಟ್ಟಿಗೆಯೇ ಟಿವಿಗೆ "ಗೇಮ್ ಮೋಡಿಗೆ ಬಾ" ಅಂತ ಹೇಳೋ ವ್ಯವಸ್ಥೆ ಬಂದಿದೆ. ನಮ್ಮ ಹಳೇ ಎಕ್ಸ್‌ಬಾಕ್ಸಿಗೆ ಆ ಭಾಷೆ ಬರಲ್ಲ. ನಾನೇ ಬದಲಾಯಿಸಬೇಕಿತ್ತು. ಬದಲಾಯಿಸಿರಲಿಲ್ಲ.

ಮುಂದಿನ ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಅಪ್ಪ ಚಹಾ ಕುಡೀತಾ ಕೂತಿದ್ದರು, ಎಡಗೈ ತೊಡೆ ಮೇಲೆ ಸುಮ್ಮನಿತ್ತು.

"ಅಪ್ಪಾ, ತಡಾ ಆಗೋದು ನಿಮ್ಮ ಕೈ ಅಲ್ರಿ. ಮಷಿನ್ನಿಂದು."

"ಹೂಂ, ಇರಬೇಕು ಬಿಡು" ಅಂದರು. ಮಗ ಸಮಾಧಾನಕ್ಕೆ ಹೇಳ್ತಿದ್ದಾನೆ ಅನ್ನೋ ದನಿ. ಬಾಯಿ ಮಾತಿಗೆ ಮಾಸ್ತರು ಒಪ್ಪೋದಿಲ್ಲ. ಲೆಕ್ಕ ಬಿಡಿಸಿ ತೋರಿಸಬೇಕು.

ನನ್ನ ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ಸೆಕೆಂಡಿಗೆ 240 ಚಿತ್ರ ಬರುತ್ತೆ. ಒಂದೊಂದಕ್ಕೆ ಸುಮಾರು 4.17 ಮಿಲಿಸೆಕೆಂಡ್. ಅಪ್ಪನ ಹಿಂದೆ ಓರೆಯಾಗಿ ಸ್ಟೂಲಿನ ಮೇಲೆ ಮೊಬೈಲ್ ಇಟ್ಟೆ, ಅವರ ಕೈಯೂ ಟಿವಿಯೂ ಒಟ್ಟಿಗೆ ಕಾಣೋ ಹಾಗೆ. ಆಟದ ಮೆನುವಿನಲ್ಲಿ ನಮ್ಮ ಕೈ ಜೊತೆ ಓಡಾಡೋ ಪುಟ್ಟ ಕೈ ಚಿತ್ರ ಇರುತ್ತಲ್ಲ, ಅದೇ ಸಾಕು. ಮೊದಲು ಮೊಮ್ಮಗಳು. ಅವಳ ಕೈ ಕದಲಿದ ಚಿತ್ರದಿಂದ ಪರದೆಯ ಕೈ ಕದಲಿದ ಚಿತ್ರದವರೆಗೆ ಒಂದೊಂದೇ ಸರಿಸ್ತಾ ಅಪ್ಪನ ಕೈಯಿಂದಲೇ ಎಣಿಸಿದೆ. 62. ಅಂದರೆ 258 ಮಿಲಿಸೆಕೆಂಡ್, ಕಾಲು ಸೆಕೆಂಡಿಗಿಂತ ಜಾಸ್ತಿ. ಹತ್ತು ವರ್ಷದ ಹುಡುಗಿ, ಇಡೀ ದಿನ ಕುಂಟಾಬಿಲ್ಲೆ ಆಡೋಳು!

ಆಮೇಲೆ ಅಪ್ಪನ ಬಲಗೈ. 61, 63, 62. ಆಮೇಲೆ ಎಡಗೈ. ಅಪ್ಪ ಕನ್ನಡಕ ಸರಿಮಾಡಿಕೊಂಡು ಎಣಿಸಿದರು. 62. ಇನ್ನೊಮ್ಮೆ. 63.

"ಅಂದ್ರ ಇದು ಮಷಿನ್ನಿನ ಪಾಲು" ಅಂದರು. ಎದ್ದು ಹೋಗಿ ಒಂದು ಹಳೇ ನೋಟ್‌ಬುಕ್ ತಂದರು. ಗೆರೆ ಹೊಡೆದು, ತಾರೀಖು ಹಾಕಿ, ಯಾರು, ಯಾವ ಕೈ, ಎಷ್ಟು ಅಂತ ಬಲಗೈಯಲ್ಲಿ ದುಂಡಗೆ ಬರೆದರು. ಆಮೇಲೆ ಟಿವಿಯನ್ನ ಗೇಮ್ ಮೋಡಿಗೆ ಹಾಕಿ ಮತ್ತೆ ಎಣಿಸಿದ್ವಿ. 43. ಅಂದರೆ 179 ಮಿಲಿಸೆಕೆಂಡ್. ಟಿವಿಯೊಂದೇ 79 ಮಿಲಿಸೆಕೆಂಡ್ ತಿಂತಿತ್ತು.

ಇಷ್ಟು ಸಣ್ಣ ತಡಕ್ಕೆ ಇಷ್ಟು ರಾದ್ಧಾಂತ ಯಾಕೆ ಅಂತ ಕೇಳಬಹುದು. 1993ರಲ್ಲಿ ಸ್ಕಾಟ್ ಮೆಕೆಂಝಿ ಮತ್ತು ಕಾಲಿನ್ ವೇರ್ ಅನ್ನೋರು ಕಂಪ್ಯೂಟರ್ ಮೌಸಿಗೆ ಬೇಕಂತಲೇ ತಡ ಸೇರಿಸಿ ಜನರ ಕೈಲಿ ಗುರಿ ಮುಟ್ಟಿಸಿದ್ದರು. ತಡ 8.3ರಿಂದ 225 ಮಿಲಿಸೆಕೆಂಡಿಗೆ ಏರಿದಾಗ ಕೆಲಸಕ್ಕೆ ಹಿಡಿದ ಹೊತ್ತು ಶೇ. 64 ಹೆಚ್ಚಾಯ್ತು, ತಪ್ಪುಗಳು ಶೇ. 214 ಹೆಚ್ಚಾದವು. ಅಂದರೆ ಮೂರು ಪಟ್ಟಿಗೂ ಮಿಕ್ಕಿ. ಆರೋಗ್ಯವಾಗಿರೋ ಮನುಷ್ಯನನ್ನೂ ಕಾಲು ಸೆಕೆಂಡು ಎಡವಟ್ಟು ಮಾಡುತ್ತೆ.

ಇನ್ನೊಂದು ಪ್ರಯೋಗ ಇದಕ್ಕಿಂತ ಮಜವಾಗಿದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರಲ್ಲ, ಅಲ್ವಾ? ಕೈ ಎಲ್ಲಿ, ಯಾವಾಗ ಮುಟ್ಟುತ್ತೆ ಅಂತ ಮಿದುಳು ಮೊದಲೇ ಲೆಕ್ಕ ಹಾಕಿಟ್ಟಿರುತ್ತೆ. ಸಾರಾ ಬ್ಲೇಕ್‌ಮೋರ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಕೈ ಅಲ್ಲಾಡಿಸಿದರೆ ರೋಬೋ ಇನ್ನೊಂದು ಅಂಗೈಯನ್ನ ಸವರ್ತಿತ್ತು. ನಡುವೆ 100, 200, 300 ಮಿಲಿಸೆಕೆಂಡ್ ತಡ ಸೇರಿಸ್ತಾ ಹೋದಂತೆ ಕಚಗುಳಿ ಹೆಚ್ಚಾಗ್ತಾ ಹೋಯ್ತು. ತಡವಾದಷ್ಟೂ ನಮ್ಮದೇ ಕೈಯ ಕೆಲಸ ಬೇರೆಯವರದು ಅನ್ನಿಸೋದಕ್ಕೆ ಶುರುವಾಗುತ್ತೆ. ಮೊದಲೇ "ಇದು ನನ್ನ ಕೈ ಅಲ್ಲ ಅನಸ್ತೈತಿ" ಅಂತಿದ್ದ ಮನುಷ್ಯನ ಮುಂದೆ ನಾನು ಅಂಥದ್ದೇ ಯಂತ್ರ ಇಟ್ಟಿದ್ದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರ್ತಿತ್ತು. ಆದರೆ ಅಪ್ಪ ಬಿಡಲಿಲ್ಲ.

"ಮಷಿನ್ನಿನ ಪಾಲು ಗೊತ್ತಾತು. ನನ್ನ ಪಾಲು ಎಷ್ಟು?"

ನನಗೆ ಇಷ್ಟವಿರಲಿಲ್ಲ. ಉತ್ತರ ಏನು ಬರುತ್ತೆ ಅಂತ ಅಂದಾಜಿತ್ತು. ಆದರೂ ಟಿವಿ ಬಂದ್ ಮಾಡಿ, ಮೊಮ್ಮಗಳನ್ನ ಎದುರಿಗೆ ನಿಲ್ಲಿಸಿದೆ. ಅವಳು ಚಪ್ಪಾಳೆ ತಟ್ಟೋದು, ಕೇಳಿದ ತಕ್ಷಣ ಅಪ್ಪ ಕೈ ಎತ್ತೋದು. ಕಣ್ಣು ಮುಚ್ಚಿಕೊಂಡು, ಹತ್ತತ್ತು ಸಲ. ಬಲಗೈ ಸರಾಸರಿ 55 ಚಿತ್ರ, 229 ಮಿಲಿಸೆಕೆಂಡ್. ಎಡಗೈ 88. ಅಂದರೆ 367.

ಯಾರೂ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯೋ ಸದ್ದು ಮಾತ್ರ. ಅಪ್ಪ ಆ ಸಂಖ್ಯೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದರು. ಕಳೆದು ನೋಡಿ, "33 ಚಿತ್ರ" ಅಂದರು. ಆಮೇಲೆ ನನ್ನ ಮುಖ ನೋಡಿ, "ಯಾಕ ಮಾರಿ ಸಣ್ಣ ಮಾಡ್ತಿ? ಎಷ್ಟು ಅಂತ ಗೊತ್ತಾತಲ್ಲ. ಗೊತ್ತಿಲ್ಲದ್ದಕ್ಕ ಅಂಜಿದ್ನಿ ನಾ."

ಅವತ್ತು ಸಂಜೆ ಕರೆಂಟು ಹೋಗಿತ್ತು. ಕಟ್ಟೆ ಮೇಲೆ ಕೂತಾಗ ಅಪ್ಪ ಪಂಢರಪುರದ ದಿಂಡಿಯ ಮಾತು ತೆಗೆದರು. ದಿಂಡಿಯಲ್ಲಿ ತಾಳ ಹಿಡಿದು ಹಿಂದಿನ ಸಾಲಿನಲ್ಲಿ ನಡೆಯೋರಿಗೆ ಮುಂದಿನ ಮೃದಂಗ ಯಾವಾಗಲೂ ತಡವಾಗಿ ಕೇಳುತ್ತಂತೆ. ಕೇಳಿದ ಮೇಲೆ ತಾಳ ಹಾಕಿದರೆ, ಅವರ ಹಿಂದಿನವರು ಇನ್ನೂ ತಡ, ಕೊನೆಗೆ ಇಡೀ ಭಜನೆ ಎಳೆದಾಡಿದಂಗಾಗುತ್ತೆ. "ಅದಕ್ಕ ನಮ್ಮ ಹಿರ್ಯಾರು ಹೇಳತಿದ್ರು, ಕಿವಿ ನಂಬಬ್ಯಾಡ್ರಿ, ಮುಂದಿನಂವನ ಕೈ ನೋಡ್ರಿ ಅಂತ." ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 34 ಮೀಟರ್ ಹಿಂದಿದ್ದರೆ 100 ಮಿಲಿಸೆಕೆಂಡ್. 60 ಮೀಟರ್ ಹಿಂದಿದ್ದರೆ ಹೆಚ್ಚುಕಡಿಮೆ ನಮ್ಮ ಗೇಮ್ ಮೋಡಿನ ತಡ. ಅಪ್ಪನಿಗೆ ಲೇಟೆನ್ಸಿ ಅನ್ನೋ ಪದ ಗೊತ್ತಿಲ್ಲ ಅಂದಿದ್ದೆನಲ್ಲ, ನಾಚಿಕೆಯಾಯ್ತು. ನಾನು ಹುಟ್ಟೋ ಮೊದಲಿಂದ ಅವರು ಅದರ ಜೊತೆ ಬಾಳುವೆ ಮಾಡ್ತಿದ್ದರು.

ಆಟ ಮಾಡೋರೂ ಇದೇ ಉಪಾಯ ಮಾಡ್ತಾರೆ. 2010ರಲ್ಲೇ ಕೈನೆಕ್ಟಿಗೆ ಬಂದ ಡ್ಯಾನ್ಸ್ ಸೆಂಟ್ರಲ್ ಅನ್ನೋ ಆಟದಲ್ಲಿ ಮುಂದಿನ ಹೆಜ್ಜೆ ಯಾವುದು ಅಂತ ಚೀಟಿಗಳು ಮೊದಲೇ ಪರದೆಯ ಪಕ್ಕದಲ್ಲಿ ಬಂದು ನಿಲ್ತವೆ. ನೀವು ಹಾಡಿನ ತಾಳಕ್ಕೆ ಕುಣಿದರೆ ಸಾಕು. ತಾಳ ಯಾವಾಗ ಬಿತ್ತು ಅಂತ ಆಟಕ್ಕೆ ಗೊತ್ತಿರೋದರಿಂದ ತನ್ನ ತಡವನ್ನ ಕಳೆದು ಅಂಕ ಕೊಡಬಹುದು. ಬೌಲಿಂಗೂ ಪರವಾಗಿಲ್ಲ, ಚೆಂಡು ಬಿಡೋ ಹೊತ್ತು ನಿಮ್ಮದೇ. ಎದುರಿಂದ ಬರೋ ಚೆಂಡಿಗೆ ಹೊಡೆಯೋ ಟೇಬಲ್ ಟೆನ್ನಿಸ್ಸಿನಲ್ಲಿ ಮಾತ್ರ ಬಚ್ಚಿಡೋದಕ್ಕೆ ಜಾಗ ಇಲ್ಲ. ಮತ್ತೆ, ತಡ ಒಂದೇ ಸಮ ಇದ್ದರೆ ಮೈ ಹೊಂದಿಕೊಳ್ಳುತ್ತೆ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೆ ಕಷ್ಟ. ಇದನ್ನ ಹೇಳಿದಾಗ ಅಪ್ಪ ನಕ್ಕರು. "ವಿಲಂಬಿತ ಅಂದ್ರ ಅದ ಅಲ್ಲೇನ? ಎಷ್ಟರೇ ಸಾವಕಾಶ ಹೋಗಲಿ, ಮಾತ್ರೆ ಮಾತ್ರೆಗಿ ಒಂದ ಅಂತರ ಇರಬೇಕು."

ಕೈನೆಕ್ಟಿನ ಟಾವೆಲ್ ತೆಗೆದ್ವಿ. ಅಪ್ಪ ಈಗ ದಿನಾ ಬೆಳಿಗ್ಗೆ ಅರ್ಧ ಗಂಟೆ ಬೌಲಿಂಗ್ ಆಡ್ತಾರೆ, ಪರದೆ ನೋಡದೆ. ಕಣ್ಣು ಪೂರ್ತಿ ಎಡಗೈ ಮೇಲೆ. ಚೆಂಡು ಬಿದ್ದ ಮೇಲಷ್ಟೇ ತಲೆ ಎತ್ತಿ ಎಷ್ಟು ಉರುಳಿದವು ಅಂತ ನೋಡ್ತಾರೆ.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಈ ಯಂತ್ರವೇ ಅಪ್ಪನ ಕೈ ಸರಿ ಮಾಡ್ತಿದೆ ಅಂತ ನಾನು ಹೇಳಲ್ಲ. ಲಕ್ವಾ ಹೊಡೆದ 141 ಮಂದಿಯ ಮೇಲೆ ನಿಂಟೆಂಡೋ ವೀ ಪ್ರಯೋಗ ಮಾಡಿ ನೋಡಿದ ಎವರೆಸ್ಟ್ ಅನ್ನೋ ಅಧ್ಯಯನ 2016ರಲ್ಲಿ ಪ್ರಕಟವಾಯ್ತು. ಮಾಮೂಲಿ ಚಿಕಿತ್ಸೆಯ ಜೊತೆ ಅರ್ಧದಷ್ಟು ಜನಕ್ಕೆ ವೀ, ಉಳಿದವರಿಗೆ ಇಸ್ಪೀಟು, ಡಾಮಿನೋದಂಥ ಆಟಗಳು. ಕೊನೆಗೆ ನೋಡಿದರೆ ವೀ ಆಡಿದವರ ಕೈ ಹೆಚ್ಚೇನೂ ಸುಧಾರಿಸಿರಲಿಲ್ಲ, ಎರಡೂ ಒಂದೇ. ಇದನ್ನ ಅಪ್ಪನಿಗೆ ಹೇಳಿದೆ. ಅವ್ವನಿಗೆ ಕೇಳೋ ಹಾಗೆ ಜೋರಾಗಿ ಹೇಳು ಅಂದರು, ಇಸ್ಪೀಟಿಗೆ ಹೋಗಬಹುದಲ್ಲ ಅಂತ :) ಸಂಜೆ ಗೆಳೆಯರ ಜೊತೆ ಎಡಗೈಯಲ್ಲೇ ಎಲೆ ಹಿಡಿದು ಕೂರ್ತಾರೆ ಈಗ. ಕೈ ಎಷ್ಟು ಸಲ ಕೆಲಸ ಮಾಡ್ತು ಅನ್ನೋದು ಮುಖ್ಯ, ಯಾವುದರ ನೆಪ ಅನ್ನೋದಲ್ಲ.

ಆದರೆ ನೆಪ ಒಂದು, ಸುಳ್ಳು ಇನ್ನೊಂದು. ತನ್ನ ತಡವನ್ನ ತಾನು ಹೇಳಿಕೊಳ್ಳದ ಯಂತ್ರ, ಆ ತಪ್ಪನ್ನ ಎದುರಿಗೆ ನಿಂತವನ ತಲೆಗೆ ಕಟ್ಟುತ್ತೆ. ಹುಡುಗರು ಬೈದು ಮುಂದೆ ಹೋಗ್ತಾರೆ. ವಯಸ್ಸಾದವರು, ಕಾಯಿಲೆಯವರು, ಇದೆಲ್ಲ ಹೊಸದಾದವರು "ನನಗ ಬರೂದಿಲ್ಲ" ಅಂತ ಟಾವೆಲ್ ಹೊಚ್ಚಿ ಸುಮ್ಮನಾಗ್ತಾರೆ. ಆಫೀಸಿನಲ್ಲಿ ನಾವು ಮಾಡೋದೂ ಅದೇ. ನಮ್ಮ ಸರ್ವರ್ ಎಳೆದಾಡ್ತಿದ್ದರೂ ಪರದೆ ಮೇಲೆ "ನಿಮ್ಮ ನೆಟ್‌ವರ್ಕ್ ಪರೀಕ್ಷಿಸಿ" ಅಂತ ಹಾಕಿಬಿಡೋದು. ಆ ಸಾಲನ್ನ ನಾನೇ ಬರೆದಿದ್ದೆ. ಸೋಮವಾರ ಹೋಗಿ ತೆಗೆದೆ. ಈಗ "ನಮ್ಮ ಕಡೆಯಿಂದ ತಡವಾಗುತ್ತಿದೆ" ಅಂತ ಬರುತ್ತೆ. ಮ್ಯಾನೇಜರ್ ಯಾಕೆ ಅಂತ ಕೇಳಿದರು. ನಿಜ ಅದಕ್ಕೆ, ಅಂದೆ.

ಈ ಸಲ ಹೋದಾಗ ಮತ್ತೆ ಚಪ್ಪಾಳೆ ಪರೀಕ್ಷೆ ಮಾಡಿದ್ವಿ. ಎಡಗೈ 71. ಮೂರು ತಿಂಗಳಲ್ಲಿ 17 ಚಿತ್ರ ಕಡಿಮೆ. ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದರು. ಸೋಮವಾರದ ಭಜನೆಗೆ ಓಣಿಯ ಹುಡುಗನೊಬ್ಬ ಡಗ್ಗಾಕ್ಕೆ ಕೂರ್ತಾನೆ, ಅಪ್ಪ ಬಲಗೈಯಲ್ಲಿ ತಬಲಾ. ಅವತ್ತು ಕೊನೆಯ ಹಾಡು, ನಿಧಾನದ್ದು. ಹುಡುಗ ನೀರು ಕುಡಿಯೋದಕ್ಕೆ ಎದ್ದಿದ್ದ. ಅಪ್ಪ ಡಗ್ಗಾವನ್ನ ತಮ್ಮ ಕಡೆ ಎಳಕೊಂಡು ಎಡಗೈ ಇಟ್ಟರು. ಸಮ್ಮಿಗೆ ಒಂದೇ ಪೆಟ್ಟು, ಆವರ್ತನಕ್ಕೊಂದು. ಮೊದಲ ಎರಡು ಹಿಂದೆ ಬಿದ್ದವು. ಮೂರನೆಯದಕ್ಕೆ ಕೈಯನ್ನ ಸ್ವಲ್ಪ ಮೊದಲೇ ಎತ್ತಿದ್ದು ಕಂಡಿತು.

ಕೂಡಿತು. ಹುಡುಗ ವಾಪಸ್ ಬಂದವನು ಪಕ್ಕದಲ್ಲೇ ನಿಂತುಕೊಂಡ, ಕೂರಲಿಲ್ಲ.

ಇಷ್ಟೇ ಈ ಸಲದ್ದು. ನಿಮ್ಮ ಮನೆಯಲ್ಲೂ ಹಿರಿಯರು ಯಾರಾದರೂ ಟಿವಿ ಮುಂದೆ ಇಂಥ ಆಟ ಆಡ್ತಿದ್ದರೆ ಮೊದಲು ಗೇಮ್ ಮೋಡ್ ಹಾಕಿಕೊಡಿ. ಆಮೇಲೆ, ತಡ ಅದರದು, ನಿಮ್ಮದಲ್ಲ ಅಂತ ಒಂದು ಮಾತು ಹೇಳಿ. ನಾನು ಹೇಳೋದಕ್ಕೆ ಮೂರು ವಾರ ತಡ ಮಾಡಿದೆ.

ಮತ್ತೆ ಸಿಗೋಣ.